ಡೆಕ್ಲನ್ ಪಕ್ಕದ ಕುರ್ಚಿ

ಚಿಕ್ಕಮ್ಮ ಹೇಳುವ ಕಥೆಯಲ್ಲಿ ನಾನು ಮಹಡಿ ಮೆಟ್ಟಿಲ ಮೇಲೆ ಕೂತು ಅಳುತ್ತಿರುತ್ತೇನೆ. ಕೆಳಗೆ ಮುಂದಿನ ಕೋಣೆಯಲ್ಲಿ ಹೆಣ. ಅದರ ಸುತ್ತ ಗುರುತು ಪರಿಚಯವಿಲ್ಲದ ಜನ, ಅವರ ಕೈಯಲ್ಲಿ ಗ್ಲಾಸು, ಸಾಲದ್ದಕ್ಕೆ ನಗು. ದೇಶ ಬಿಟ್ಟು ಬಂದು ಇನ್ನೂ ಬ್ಯಾಗು ಪೂರ್ತಿ ಬಿಚ್ಚಿಲ್ಲ, ಹುಡುಗಿ ಹೆದರಿ ನಡುಗುತ್ತಿದ್ದಾಳೆ. ಆಗ ಚಿಕ್ಕಮ್ಮ ಓವರ್‌ಲೇಕ್‌ನ ತನ್ನ ಮನೆಯಿಂದ ಆ ಮಳೆಯಲ್ಲಿ ಡ್ರೈವ್ ಮಾಡಿಕೊಂಡು ಬಂದು ನನ್ನನ್ನು ಬಿಡಿಸಿಕೊಂಡು ಹೋಗುತ್ತಾಳೆ. ಕೇಳಿದವರೆಲ್ಲ "ಅಯ್ಯೋ ಪಾಪ" ಅನ್ನುತ್ತಾರೆ. ಆ ಪಾಪ ನನಗೋ, ಅವಳಿಗೋ, ಗೊತ್ತಾಗುವುದಿಲ್ಲ.

ಕಳೆದ ತಿಂಗಳು ವುಡಿನ್‌ವಿಲ್‌ನ ಅವಳ ಹೊಸ ಮನೆಯಲ್ಲಿ, ಊಟಕ್ಕೆ ಬಂದವರ ಮುಂದೆ ಇದನ್ನು ಮತ್ತೆ ಹೇಳಿದಳು. ನಾನು ಬಿಸಿಬೇಳೆಬಾತ್ ಬಡಿಸುತ್ತಾ ನಿಂತಿದ್ದೆ.

"ನಾನು ಅಳ್ತಿರ್ಲಿಲ್ಲ ಚಿಕ್ಕಮ್ಮ."

"ಅಳ್ತಿದ್ದೆ ಕಣೇ ನಿಧಿ. ನಾನು ನೋಡಿಲ್ವಾ?"

"ಜಗಳ ಆಡ್ತಿದ್ದೆ. ಅಳೋದಕ್ಕೂ ಅದಕ್ಕೂ ವ್ಯತ್ಯಾಸ ಇದೆ."

"ನೋಡಿ, ಇವಳು ಹೀಗೇನೇ. ಹಪ್ಪಳ ಹಾಕು ಅಂದ್ರೆ ಪುರಾವೆ ಕೇಳ್ತಾಳೆ," ಅಂದಳು ಚಿಕ್ಕಮ್ಮ. ಎಲ್ಲರೂ ನಕ್ಕರು. ಗೆದ್ದದ್ದು ಅವಳು. ಊಟದ ಮನೆಯಲ್ಲಿ ತೀರ್ಪುಗಾರರು ಯಾವಾಗಲೂ ನಗಿಸಿದವರ ಕಡೆಗೇ ಇರುತ್ತಾರೆ.

ಆದರೂ ಆಕ್ಷೇಪ ಹೇಳಲೇಬೇಕು. ನಾನು ಅಳುತ್ತಿರಲಿಲ್ಲ. ನನಗೆ ಹೆದರಿಕೆಯಾಗಿರಲಿಲ್ಲ. ಅವಳು ಹೆಣ ಅನ್ನುತ್ತಾಳಲ್ಲ, ಅದಕ್ಕೆ ಡೆಕ್ಲನ್ ಎಂಬ ಹೆಸರಿತ್ತು. ಮತ್ತೆ ಆ ದಿನ ನಡೆದದ್ದರಲ್ಲಿ ಒಂದು ಸಂಗತಿಯನ್ನು ಅವಳು ಪ್ರತಿ ಸಲವೂ ಬಿಟ್ಟು ಹೇಳುತ್ತಾಳೆ. ನನ್ನನ್ನು ಕಾಡುವುದು ಅದು.

2014ರ ನವೆಂಬರ್. ಮೈಸೂರಿನ ನಮ್ಮ ಕಾಲೇಜಿನಿಂದ ವಿದ್ಯಾರ್ಥಿ ವಿನಿಮಯದಲ್ಲಿ ಕ್ರಿಸ್‌ಮಸ್ ರಜೆಯವರೆಗೆ ಸಿಯಾಟಲ್ ಕಡೆಯ ಒಂದು ಕಾಲೇಜಿಗೆ ಬಂದಿದ್ದೆ. ಬಂದವರು ಸ್ಥಳೀಯ ಕುಟುಂಬದ ಜೊತೆಗೇ ಇರಬೇಕು, ಸಂಬಂಧಿಕರ ಮನೆಯಲ್ಲಿ ಕೂಡದು ಎಂಬುದು ಅವರ ನಿಯಮ. ಚಿಕ್ಕಮ್ಮನಿಗೆ ಅದು ಅವಮಾನವಾಗಿತ್ತು. "ಸ್ವಂತ ಚಿಕ್ಕಮ್ಮ ಇಲ್ಲೇ ಇಪ್ಪತ್ತು ನಿಮಿಷದಲ್ಲಿರೋವಾಗ ಯಾರೋ ಗೊತ್ತಿಲ್ಲದವರ ಮನೇಲಿ ಇರ್ತೀಯ? ಅವರು ಏನು ತಿನ್ನಿಸ್ತಾರೋ, ಯಾವ ಪಾತ್ರೇಲಿ ಮಾಡ್ತಾರೋ!" ಅಂತ ವಿಮಾನ ನಿಲ್ದಾಣದಿಂದ ಆ ಕುಟುಂಬದ ಊರು ಕೆನ್ಮೋರ್ ತಲುಪುವವರೆಗೂ ಹೇಳಿದಳು. ಆ ಮನೆಯ ಬಾಗಿಲಲ್ಲಿ ನನ್ನನ್ನು ಇಳಿಸಿ, ಒಳಗೆ ಬರಲು ಒಪ್ಪದೆ, ಪುಳಿಯೋಗರೆ ಗೊಜ್ಜಿನ ಬಾಟಲಿಯೊಂದನ್ನು ನನ್ನ ಕೈಗೆ ತುರುಕಿ ಹೊರಟುಹೋದಳು.

ಮನೆ ನೋರಾಳದು. ಐರ್ಲೆಂಡಿನ ಪಶ್ಚಿಮ ತೀರದ ಹಳ್ಳಿಯಿಂದ ಪ್ರಾಯದಲ್ಲೇ ನರ್ಸಾಗಿ ಬಂದವಳು, ಈಗ ನಿವೃತ್ತಳು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ನೆಲಮಾಳಿಗೆಯ ಕೋಣೆಯಲ್ಲಿ ಅವಳ ಅಣ್ಣ ಡೆಕ್ಲನ್ ಇದ್ದ. ಸರೋವರದ ದಂಡೆಯಲ್ಲಿ ದೋಣಿ ರಿಪೇರಿ ಮಾಡಿಕೊಂಡಿದ್ದವನು, ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲೇ ಉಳಿದಿದ್ದ. ಅಷ್ಟು ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಹೊರಳುತ್ತಿರಲಿಲ್ಲ. ಅಂಕಲ್ ಅಂದರೆ ಆತ ತಿರುಗಿಯೂ ನೋಡುತ್ತಿರಲಿಲ್ಲ. ಮೊದಲ ಸಂಜೆ ನಾನು ಕೋಟಿನ ಗುಂಡಿ ಬಿಚ್ಚುವ ಮೊದಲೇ ಶುರುವಾಯಿತು.

"ನಿನಗೆ ಏನು ಚೆನ್ನಾಗಿ ಬರುತ್ತೆ?"

"ಚರ್ಚಾಸ್ಪರ್ಧೆ. ಕಾಲೇಜಿಗೆ ಬಹುಮಾನ ತಂದುಕೊಟ್ಟಿದೀನಿ."

"ಯಾವ ಪಕ್ಷ ವಹಿಸ್ತೀಯ? ಪರವೋ, ವಿರೋಧವೋ?"

"ಚೀಟಿ ಎತ್ತಿದಾಗ ಯಾವುದು ಬರುತ್ತೋ ಅದು."

"ಅಂದ್ರೆ ನೀನು ಇಲ್ಲೀವರೆಗೆ ಒಂದು ಸಲಾನೂ ವಾದ ಮಾಡಿಲ್ಲ," ಅಂದ ಡೆಕ್ಲನ್. "ಸೋತರೆ ನಿನಗೆ ಏನಾದರೂ ನಷ್ಟ ಆಗಬೇಕು. ಅದು ವಾದ."

"ಡೆಕ್ಲನ್, ಹುಡುಗಿ ಇನ್ನೂ ಕೂತಿಲ್ಲ," ಅಂದಳು ನೋರಾ.

"ನಿಂತೇ ವಾದ ಮಾಡೋದಲ್ವಾ ಇವರು? ಲಾಯರಮ್ಮ, ಟೀಗೆ ಹಾಲು ಮೊದಲು ಹಾಕಬೇಕೋ ಆಮೇಲೋ?"

"ಎರಡೂ ತಪ್ಪು. ಹಾಲಲ್ಲೇ ಕುದಿಸಬೇಕು," ಅಂದೆ. ಮರುದಿನ ಶುಂಠಿ ಜಜ್ಜಿ ಹಾಕಿ ಮಾಡಿಯೂ ಕೊಟ್ಟೆ. ಒಂದು ಗುಟುಕು ಕುಡಿದು, ಇದು ಟೀ ಅಲ್ಲ ಔಷಧಿ ಅಂದ. ಸಂಜೆ ಖಾಲಿ ಲೋಟ ಹಿಡಿದು ಅಡುಗೆಮನೆಗೆ ಬಂದು ನಿಂತ. "ಕಾಯಿಲೆ ಇನ್ನೂ ವಾಸಿಯಾಗಿಲ್ಲವಾ?" ಅಂತ ಕೇಳಿದೆ. ನೋರಾ ನಕ್ಕ ಸದ್ದು ಆ ಮನೆಯಲ್ಲಿ ನಾನು ಕೇಳಿದ್ದು ಆವಾಗ. ಆಮೇಲೆ ಕೇಳಲಿಲ್ಲ.

ಚಳಿಗಾಲ ಬಂತೆಂದು ಇಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ವಾರ ಅದು. ಸಂಜೆ ಕಾಲೇಜಿನಿಂದ ಬರುವಷ್ಟರಲ್ಲಿ ಕತ್ತಲೆ. ಮೈಸೂರಿನ ಮಳೆಗೆ ಬರುವಾಗಲೂ ಹೋಗುವಾಗಲೂ ಒಂದು ಸದ್ದಿದೆ, ಬಂದೆ ಅನ್ನುತ್ತದೆ, ಹೋದೆ ಅನ್ನುತ್ತದೆ. ಇಲ್ಲಿಯದು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಒದ್ದೆ ಬಟ್ಟೆಯನ್ನು ಯಾರೋ ಹಿಂಡದೆ ತಲೆಯ ಮೇಲೆ ಒಣಹಾಕಿದ ಹಾಗೆ ಇರುತ್ತದೆ. ಸರೋವರ, ಆಕಾಶ, ರಸ್ತೆ ಎಲ್ಲಕ್ಕೂ ಒಂದೇ ಬೂದು ಬಣ್ಣ. ಬೆಳಿಗ್ಗೆ ನನ್ನನ್ನು ಬಿಟ್ಟುಹೋಗಿದ್ದ ಬಸ್ ಸ್ಟಾಪಿನಲ್ಲೇ ಡೆಕ್ಲನ್ ತನ್ನ ಹಳೆಯ ಪಿಕಪ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಒಳಗೆಲ್ಲ ನೆನೆದ ಉಣ್ಣೆಯ, ಇಂಜಿನ್ ಆಯಿಲ್‌ನ ವಾಸನೆ. ಈಗಲೂ ಎಲ್ಲಾದರೂ ಒದ್ದೆ ಸ್ವೆಟರಿನ ವಾಸನೆ ಬಂದರೆ ನನಗೆ ಯಾರೋ ಎದುರು ಕೂತು ಆಕ್ಷೇಪ ಎತ್ತುತ್ತಾರೆ ಅನಿಸುತ್ತದೆ.

ಕೊನೆಯ ಸಂಜೆಯ ಮಾತು ಆ ಪಿಕಪ್ಪಿನಲ್ಲೇ ಆಯಿತು. ಮನೆ ಮುಂದೆ ನಿಲ್ಲಿಸಿದ ಮೇಲೂ ಆತ ಇಳಿಯಲಿಲ್ಲ. ವೈಪರ್ ಆಡುತ್ತಿತ್ತು. ತನ್ನ ತಾಯಿ ತೀರಿಕೊಂಡಾಗ ತಾನು ಅಲಾಸ್ಕಾದ ಕಡೆ ಮೀನಿನ ದೋಣಿಯಲ್ಲಿದ್ದೆ ಅಂದ. ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ನೋರಾ ಹೋಗಿದ್ದಳು, ಈತ ಇಲ್ಲ.

"ನಮ್ಮ ಕಡೆ ಸತ್ತವರನ್ನ ಒಂಟಿಯಾಗಿ ಬಿಡೋದಿಲ್ಲ," ಅಂದ. "ಹೊರಗೆ ತಗೊಂಡು ಹೋಗೋವರೆಗೂ ಪಕ್ಕದಲ್ಲಿ ಒಬ್ಬರು ಕೂತಿರಬೇಕು. ಒಬ್ಬರು ಎದ್ದರೆ ಇನ್ನೊಬ್ಬರು. ನನ್ನ ಪಾಳೀಲಿ ಪಕ್ಕದ ಮನೆಯವನು ಕೂತ. ಅವನಿಗೂ ನಮ್ಮಮ್ಮನಿಗೂ ಬೇಲಿ ವಿಷಯಕ್ಕೆ ಮಾತೇ ಇರಲಿಲ್ಲ."

"ಕೂತಿದ್ದು ಯಾರು ಅಂತ ನಿಮ್ಮ ತಾಯಿಗೆ ಗೊತ್ತಾಗಲಿಲ್ಲವಲ್ಲ," ಅಂದೆ. "ಕೂರೋದು ಬದುಕಿರೋರ ಸಮಾಧಾನಕ್ಕೆ. ಅದನ್ನ ಬೇರೆ ಥರಾನೂ ಮಾಡ್ಕೋಬಹುದು."

"ಉದಾಹರಣೆಗೆ?"

ಉದಾಹರಣೆ ನನ್ನ ಬಳಿ ಇತ್ತು. ಅದಕ್ಕೆ ಎರಡು ವರ್ಷದ ಹಿಂದೆ ನಮ್ಮ ತಾತ, ಅಂದರೆ ಅಮ್ಮನ ಮತ್ತು ಚಿಕ್ಕಮ್ಮನ ಅಪ್ಪ, ಹೋಗಿದ್ದರು. ಚಿಕ್ಕಮ್ಮನ ವೀಸಾ ನವೀಕರಣ ನಡೆಯುತ್ತಿತ್ತು. ಹೊರಟರೆ ವಾಪಸು ಬರುವುದು ಖಾತ್ರಿಯಿರಲಿಲ್ಲ. ಹಾಗಾಗಿ ವಿಡಿಯೋ ಕಾಲ್. ಲ್ಯಾಪ್‌ಟಾಪನ್ನು ತಾತನ ತಲೆದೆಸೆಯಲ್ಲಿ ಹಿಡಿದುಕೊಂಡು ನಿಂತವಳು ನಾನೇ. ಸ್ನಾನ ಮಾಡಿಸಿದ್ದು, ಅಕ್ಕಿಕಾಳು ಹಾಕಿದ್ದು, ಎಲ್ಲವನ್ನೂ ತೋರಿಸಿದೆ. ಎತ್ತುವ ಹೊತ್ತಿಗೆ ಸರಿಯಾಗಿ ನೆಟ್‌ವರ್ಕ್ ಹೋಯಿತು. ಇದನ್ನೆಲ್ಲ ಡೆಕ್ಲನ್‌ಗೆ ಹೇಳಿ, ನೋಡಿ, ಕೂರದೆಯೂ ಆಗುತ್ತೆ, ಅಂದೆ.

"ಆ ಚಿಕ್ಕಮ್ಮನಿಗೆ ಅಷ್ಟು ಸಾಕಾಯಿತಾ?"

"ಎಲ್ಲಾ ಕಂಡಿತು ಅವಳಿಗೆ."

"ಕಂಡಿತಾ ಅಂತ ಕೇಳಲಿಲ್ಲ."

ಆತ ವೈಪರ್ ನಿಲ್ಲಿಸಿದ.

"ಸಾಕ್ಷಿಯನ್ನ ವಿಚಾರಿಸದೇ ಅವಳ ಪರವಾಗಿ ಹೇಳಿಕೆ ಕೊಡ್ತಿದೀಯ, ಲಾಯರಮ್ಮ. ಹೋಗಿ ಕೇಳ್ಕೊಂಡು ಬಾ. ಅವಳು ಏನಂದಳು ಅಂತ ಹೇಳು. ಆಮೇಲೆ ನಾನು ಉತ್ತರ ಕೊಡ್ತೀನಿ."

ಬೆಳಿಗ್ಗೆ ಆತ ಟೀಗೆ ಮೇಲೆ ಬರಲಿಲ್ಲ. ನೋರಾ ಕರೆಯಲು ಇಳಿದು ಹೋದಳು. ಕೂಗಿಕೊಳ್ಳಲಿಲ್ಲ. ನರ್ಸಾಗಿದ್ದವಳು, ಮುಟ್ಟಿದ ಕೂಡಲೇ ತಿಳಿದಿರಬೇಕು. ಮೆಟ್ಟಿಲು ಹತ್ತಿ ಬಂದು, "ನೀನು ಇವತ್ತು ಬಸ್ ಸ್ಟಾಪಿಗೆ ನಡೆದು ಹೋಗಬೇಕಾಗುತ್ತೆ, ಲವ್," ಅಂದಳು. ಆಮೇಲೆ ಅವರ ಕಡೆಯ ಪದ್ಧತಿಯಂತೆ ಗೋಡೆ ಗಡಿಯಾರವನ್ನು ಇಳಿಸಿ ನಿಲ್ಲಿಸಿದಳು. ಹಜಾರದ ಕನ್ನಡಿಗೆ ಬೆಡ್‌ಶೀಟ್ ಹೊದಿಸಿದಳು. ಕಿಟಕಿ ತೆರೆದು, ಸ್ವಲ್ಪ ಹೊತ್ತು ಬಿಟ್ಟು, ಮುಚ್ಚಿದಳು. ಮೂಢನಂಬಿಕೆ ಅನ್ನೋಣವೆಂದರೆ ನಮ್ಮ ಮನೆಯ ತಲೆದೆಸೆಯ ದೀಪಕ್ಕೂ ಹಾಗೇ ಅನ್ನಬೇಕು. ಅಂದಿದ್ದೆ ಕೂಡ, ತಾತ ಹೋದ ದಿನ. ಅಪ್ಪ ನನ್ನನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿದ್ದರು. ಇಲ್ಲಿ ಆಡಿದ್ದಕ್ಕೆ ಎದುರಾಡುವವನೇ ಇಲ್ಲದ ಮೇಲೆ ಏನು ಆಡುವುದು?

ಮರುದಿನ ಡೆಕ್ಲನ್‌ನನ್ನು ಸೂಟು ತೊಡಿಸಿ, ಪೆಟ್ಟಿಗೆಯಲ್ಲಿ ಮಲಗಿಸಿ ಮನೆಗೆ ತಂದರು. ಮುಂದಿನ ಕೋಣೆಯಲ್ಲಿಟ್ಟರು. ತಲೆಯ ಹತ್ತಿರ ಒಂದು ಮರದ ಕುರ್ಚಿ. ಜನ ಬಂದರು, ಮಳೆನೀರು ತೊಟ್ಟಿಕ್ಕುವ ಕೋಟುಗಳನ್ನು ಮಂಚದ ಮೇಲೆ ರಾಶಿ ಹಾಕಿದರು, ಕುಡಿದರು, ಆತನನ್ನು ಬೈದುಕೊಂಡು ನಕ್ಕರು. ಆತ ಯಾರದೋ ದೋಣಿಗೆ ಬೇರೆಯವರ ಇಂಜಿನ್ ಹಾಕಿಕೊಟ್ಟಿದ್ದು, ತಪ್ಪು ಒಪ್ಪದೆ ಆ ದೋಣಿಯವನ ಜೊತೆಗೇ ವಾದ ಮಾಡಿ ಗೆದ್ದದ್ದು. ಅಷ್ಟು ನಗುವಿನ ಮಧ್ಯೆಯೂ ಆ ಕುರ್ಚಿಯೊಂದು ಖಾಲಿಯಾಗುತ್ತಿರಲಿಲ್ಲ. ಒಬ್ಬರು ಏಳುವ ಮೊದಲೇ ಇನ್ನೊಬ್ಬರು ಬಂದು ನಿಂತಿರುತ್ತಿದ್ದರು.

ನೋರಾ ನನಗೆಂದೇ ಚೀಸ್ ಸ್ಯಾಂಡ್‌ವಿಚ್ ಬೇರೆ ತಟ್ಟೆಯಲ್ಲಿ ಮುಚ್ಚಿಟ್ಟಿದ್ದಳು. ಅದನ್ನು ಕೊಡುತ್ತಾ ಕೇಳಿದಳು: "ನಾಳೆ ಮಧ್ಯಾಹ್ನ ನೀನು ಸ್ವಲ್ಪ ಹೊತ್ತು ಕೂರ್ತೀಯಾ? ಇವರೆಲ್ಲ ಊಟಕ್ಕೆ ಹೋಗ್ತಾರೆ. ನಿನ್ನ ಹತ್ರ ಏನೋ ಮಾತು ಬಾಕಿ ಇದೆ ಅಂತಿದ್ದ ಅವನು."

"ಕೂರ್ತೀನಿ," ಅಂದೆ.

ನಂಬಿಕೆಯಿಂದ ಅಂದದ್ದಲ್ಲ. ಸತ್ತವರಿಗೆ ಏನೂ ಗೊತ್ತಾಗುವುದಿಲ್ಲ ಎಂದು ಆಗಲೂ ಅಂದುಕೊಂಡಿದ್ದೆ, ಈಗಲೂ ಅಂದುಕೊಂಡಿದ್ದೇನೆ. ಆದರೆ ಮಾತು ಅರ್ಧಕ್ಕೆ ನಿಂತಿತ್ತು. ಎದುರಾಳಿ ವೇದಿಕೆಗೆ ಬರದಿದ್ದರೆ ಸ್ಪರ್ಧೆಯಲ್ಲಿ ನಾವೇ ಗೆದ್ದೆವು ಅಂತ ಬರೆದುಕೊಳ್ಳುತ್ತಾರೆ. ಹಾಗೆ ಗೆಲ್ಲುವುದು ನನಗೆ ಬೇಕಿರಲಿಲ್ಲ. ಆ ಕುರ್ಚಿಯಲ್ಲಿ ಕೂತು, ನನ್ನ ಬಳಿ ಉತ್ತರವಿಲ್ಲ ಎಂದಾದರೂ ಆತನ ಮುಖ ನೋಡಿ ಒಪ್ಪಿಕೊಳ್ಳಬೇಕಿತ್ತು. ಊರು ಬಿಟ್ಟು ಬಂದ ಮೇಲೆ ನನಗೆ ಅಷ್ಟು ಬೇಕೆನಿಸಿದ್ದು ಅದೊಂದೇ.

ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ಅಮ್ಮ ಚಿಕ್ಕಮ್ಮನಿಗೆ ಹೇಳಿದ್ದಳು. ಮರುದಿನ ಮಧ್ಯಾಹ್ನ, ಜನ ಊಟಕ್ಕೆ ಏಳುವ ಹೊತ್ತಿಗೆ, ಚಿಕ್ಕಮ್ಮ ಬಂದಳು. ನನ್ನನ್ನು ನೇರ ಮಹಡಿಗೆ ಎಳೆದುಕೊಂಡು ಹೋದಳು.

"ಬಟ್ಟೆ ತುಂಬ್ಕೋ. ಕಾಲೇಜಿನವರ ಹತ್ರ ಮಾತಾಡಿ ಆಗಿದೆ, ಒಪ್ಪಿದಾರೆ. ಇವತ್ತು ತುಳಸಿ ಹಬ್ಬ, ಮನೇಲಿ ಜನ ಬರ್ತಾರೆ."

"ಈಗ ನನ್ನ ಪಾಳಿ. ಕೂರ್ತೀನಿ ಅಂದಿದೀನಿ. ಸಾಯಂಕಾಲ ಬರ್ತೀನಿ."

"ಹೆಣದ ಪಕ್ಕ? ನೀನು? ನಿಮ್ಮಮ್ಮನಿಗೆ ನಾನು ಏನಂತ ಹೇಳ್ಲಿ?"

"ಸೂತಕ ಇರೋದು ದಾಯಾದಿಗಳಿಗೆ. ಡೆಕ್ಲನ್ ನಮಗೆ ದಾಯಾದೀನಾ? ಬೇಕಾದ್ರೆ ಒಂದು ಸ್ನಾನ, ಮುಗೀತು. ಶಾಸ್ತ್ರಾನೇ ಹೇಳುತ್ತೆ."

"ಆಹಾ! ನಂಬೋದಿಲ್ಲ ಅಂತೀಯ. ಬೇಕಾದಾಗ ಮಾತ್ರ ಬೀರುವಿಂದ ಶಾಸ್ತ್ರ ತೆಗೀತೀಯ."

ಏಟು ಸರಿಯಾಗಿಯೇ ಬಿತ್ತು. ನಾನು ದನಿ ಏರಿಸಿದೆ. "ನೀನು ಯಾಕೆ ಇಷ್ಟು ಹೆದರ್ತೀಯ, ಅದು ಹೇಳು."

"ಹೆದರಿಕೆ ಅಲ್ಲ ಕಣೇ. ಸಾವು ಅಂದ್ರೆ ನಿನ್ನ ಸ್ಪರ್ಧೆ ವಿಷಯ ಅಲ್ಲ," ಅಂದಳು. ಆಮೇಲೆ ದನಿ ತಗ್ಗಿಸಿ, "ನೀನು ತುಂಬ್ಕೊಂಡು ಬಾ, ನಾನು ಆ ಆಂಟಿ ಹತ್ರ ಮಾತಾಡ್ತೀನಿ. ಹೊರಡುವಾಗ ಬರ್ತೀನಿ ಅಂತ ಅನ್ಬೇಡ. ಸಾವಿನ ಮನೇಲಿ ಹಾಗನ್ನಬಾರದು. ಸುಮ್ನೆ ಬಂದು ಕಾರಲ್ಲಿ ಕೂತ್ಕೋ."

ಅವಳು ಇಳಿದು ಹೋದಳು. ನಾನು ಮಡಚಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ ಮತ್ತೆ ಮಡಚಿದೆ. ಬೇಕೆಂದೇ ತಡ ಮಾಡಿದೆ. ನನ್ನಿಂದ ಆಗುತ್ತಿದ್ದ ಪ್ರತಿಭಟನೆ ಅಷ್ಟೇ. ಕೊನೆಗೆ ಸೂಟ್‌ಕೇಸ್ ಎಳೆದುಕೊಂಡು ಕೆಳಗೆ ಬಂದಾಗ ಮುಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಅಡುಗೆಮನೆಯಲ್ಲಿ ಕಪ್ಪುಗಳ ಸದ್ದು. ಚಿಕ್ಕಮ್ಮ ಹೊರಬಾಗಿಲ ಹತ್ತಿರ ಛತ್ರಿ ಹಿಡಿದು ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು. ಒಂದು ಶೂನ ಲೇಸು ಬಿಚ್ಚಿಹೋಗಿತ್ತು, ಅವಳು ಅದನ್ನು ಕಟ್ಟಿಕೊಳ್ಳಲೂ ಇಲ್ಲ. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಜಗಳ ಗೆದ್ದವಳ ಮೌನ ಅಂದುಕೊಂಡು ನಾನು ಮುಖ ತಿರುಗಿಸಿ ಕೂತಿದ್ದೆ.

ಮನೆ ತಲುಪಿದ ಮೇಲೆ ಗರಾಜಿನಲ್ಲೇ ಕೋಟು, ಶೂ, ಸೂಟ್‌ಕೇಸ್ ಬಿಡಿಸಿದಳು. ಗರಾಜಿನಿಂದ ಒಳಗೆ ಹೋಗುವ ಕಡೆ ಒಂದು ಬಚ್ಚಲಿತ್ತು. ಮೊದಲು ತಾನು ಹೋದಳು. ತುಂಬ ಹೊತ್ತು ಒಳಗಿದ್ದಳು. ಆಮೇಲೆ ನನ್ನ ಸರದಿ. ಸಂಜೆ ಕುಂಡದ ತುಳಸಿಯನ್ನು ಚಳಿಗೆ ಒಳಗಿಟ್ಟು, ಕಿಟಕಿಯ ಪಕ್ಕ ದೀಪ ಹಚ್ಚುತ್ತಿದ್ದಾಗ ಅವಳ ಕೂದಲು ಇನ್ನೂ ಒದ್ದೆಯಿತ್ತು.

"ನಿಧಿ ತಲೆಗೆ ಸ್ನಾನ ಮಾಡಿದ್ದು ಸರಿ," ಅಂದರು ಚಿಕ್ಕಪ್ಪ. "ನೀನ್ಯಾಕೆ ಮಾಡ್ದೆ? ಬಾಗಿಲಲ್ಲಿ ತಾನೆ ನಿಂತಿದ್ದೆ?"

"ಶೀತ ಆಗಲ್ಲ ಬಿಡಿ," ಅಂದಳು ಚಿಕ್ಕಮ್ಮ.

ಅದು ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಚಿಕ್ಕಪ್ಪ ಗಮನಿಸಲಿಲ್ಲ. ನಾನು ಗಮನಿಸಿದೆ, ಆದರೆ ಕೋಪದಲ್ಲಿದ್ದೆ.

ಡಿಸೆಂಬರಿನಲ್ಲಿ, ನಾನು ಹೊರಡುವ ಮುಂಚೆ, ನೋರಾಳನ್ನು ನೋಡಲೆಂದೇ ಬಸ್ ಹಿಡಿದು ಕೆನ್ಮೋರ್‌ಗೆ ಹೋದೆ. ಆಕೆ ಗೇಟಿನ ಹತ್ತಿರವೇ ಸಿಕ್ಕಳು, ಆಗಷ್ಟೇ ಕಾರಿನಿಂದ ಇಳಿಯುತ್ತಿದ್ದಳು. ನಾನು ಓಡಿಹೋದೆ. ಆಕೆ ಕೈ ಮುಂದೆ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದಳು.

"ಬೇಡ, ಲವ್. ಈಗಷ್ಟೇ ಡೆಕ್ಲನ್ ಹತ್ರ ಹೋಗಿ ಬಂದೆ. ಸಮಾಧಿ ಮಣ್ಣು ಇನ್ನೂ ಶೂನಲ್ಲಿದೆ. ಮುಟ್ಟಿದರೆ ನೀನು ಸ್ನಾನ ಮಾಡಬೇಕಂತಲ್ಲ, ನಿನ್ನ ಚಿಕ್ಕಮ್ಮ ಅವತ್ತು ಹೇಳಿದಳು. ಈ ಚಳೀಲಿ ಯಾಕೆ?"

"ನನಗೆ ಅದೆಲ್ಲ ಇಲ್ಲ," ಅಂದೆ.

"ನಿನ್ನ ಚಿಕ್ಕಮ್ಮನಿಗೆ ಇದೆ. ಇದ್ದೂ ಕೂತಳಲ್ಲ."

"ಕೂತಳಾ? ಎಲ್ಲಿ?"

ನೋರಾ ನನ್ನನ್ನೇ ನೋಡಿದಳು. "ನಿನ್ನ ಜಾಗದಲ್ಲಿ. ನೀನು ಮೇಲೆ ಬಟ್ಟೆ ತುಂಬ್ತಿದ್ದಷ್ಟು ಹೊತ್ತು. ನೀನು ಒಪ್ಪಿಕೊಂಡ ಪಾಳಿ ಖಾಲಿ ಬಿಡಬಾರದು ಅಂದಳು. ಶೂ ಬಿಚ್ಚಿಟ್ಟು ಒಳಗೆ ಹೋದಳು. ನಾನು ಬಾಗಿಲು ಎಳ್ಕೊಂಡೆ. ಒಳಗೆ ಮಾತಾಡ್ತಿದ್ದಳು, ನಿಮ್ಮ ಭಾಷೇಲಿ. ನಿನಗೆ ಹೇಳಿಲ್ವಾ?"

ಇಬ್ಬರೂ ಮಳೆಯಲ್ಲಿ ನಿಂತಿದ್ದೆವು, ಮಧ್ಯೆ ಒಂದು ಮಾರು ಅಂತರ ಬಿಟ್ಟು. ನಾನು ಬೇಡವೆಂದರೂ ಆಕೆ ಆ ಅಂತರ ಕಾಯ್ದುಕೊಂಡಳು. ಅಷ್ಟು ಗೌರವ ಕೊಟ್ಟು ನನ್ನನ್ನು ಯಾರೂ ದೂರ ನಿಲ್ಲಿಸಿಲ್ಲ. ಬಸ್ಸಿಗೆ ಹೊರಡುವಾಗ ಬರ್ತೀನಿ ಅಂತ ಬೇಕೆಂದೇ ಜೋರಾಗಿ ಹೇಳಿದೆ, ಕನ್ನಡದಲ್ಲಿ. ಆಕೆ ಕೈ ಬೀಸಿದಳು. ಮುಂದಿನ ವರ್ಷ ಮನೆ ಮಾರಿ ಐರ್ಲೆಂಡಿಗೇ ಹೋದಳಂತೆ. ಆಮೇಲೆ ಓದಲೆಂದು, ಕೆಲಸಕ್ಕೆಂದು ನಾನು ಈ ಊರಿಗೇ ವಾಪಸು ಬಂದಾಗ ಹುಡುಕಿದೆ. ಸಿಗಲಿಲ್ಲ.

ಕೈಯಲ್ಲಿ ಸಾಕ್ಷ್ಯ ಇಟ್ಟುಕೊಂಡು ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಆದರೂ ಇಷ್ಟು ವರ್ಷ ಇದನ್ನು ಚಿಕ್ಕಮ್ಮನ ಮುಂದೆ ಇಟ್ಟಿರಲಿಲ್ಲ. ಇದು ಅವಳ ಪರವಾಗಿದೆಯೋ ವಿರುದ್ಧವಾಗಿದೆಯೋ ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ. ನನ್ನ ಜಾಗವನ್ನು ಅವಳು ಕಸಿದುಕೊಂಡಳು, ಅದು ನಿಜ. ಆ ಜಾಗವನ್ನು ಖಾಲಿ ಬಿಡಲಿಲ್ಲ, ಅದೂ ನಿಜ. ಹೆಣ ಅಂತ ಮೂಗು ಮುರಿದವಳೇ ಅದರ ತಲೆದೆಸೆಯಲ್ಲಿ ಕೂತಳು. ಆಮೇಲೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಳು. ಎರಡರಲ್ಲಿ ಒಂದನ್ನೂ ಬಿಟ್ಟುಕೊಡಲಿಲ್ಲ.

ಕಳೆದ ತಿಂಗಳ ಆ ಊಟಕ್ಕೆ ಹೋಗುವಾಗ ಕೆನ್ಮೋರ್ ಮೇಲೆ ಬಳಸಿಕೊಂಡು ಹೋಗಿದ್ದೆ. ನೋರಾಳ ಮನೆಗೆ ಬೇರೆ ಬಣ್ಣ ಬಳಿದಿದ್ದಾರೆ. ಮುಂದಿನ ಕೋಣೆಯ ಕಿಟಕಿಯಲ್ಲಿ ಯಾರದೋ ವ್ಯಾಯಾಮದ ಸೈಕಲ್ ಕಾಣುತ್ತಿತ್ತು. ಪಿಕಪ್ ನಿಲ್ಲುತ್ತಿದ್ದ ಕಡೆ ನಾನು ಕಾರು ನಿಲ್ಲಿಸಿ, ವೈಪರ್ ನಿಲ್ಲಿಸಿ, ಗಾಜು ಮಸುಕಾಗುವವರೆಗೆ ಕೂತಿದ್ದೆ. ತಾತನನ್ನು ಪರದೆಯಲ್ಲಿ ಕಂಡದ್ದು ಚಿಕ್ಕಮ್ಮನಿಗೆ ಸಾಕಾಯಿತಾ, ಹೋಗಿ ಕೇಳ್ಕೊಂಡು ಬಾ ಅಂದಿದ್ದ ಡೆಕ್ಲನ್. ನಾನು ಕೇಳಿರಲಿಲ್ಲ.

ಊಟಕ್ಕೆ ಬಂದವರೆಲ್ಲ ಹೋದ ಮೇಲೆ ಚಿಕ್ಕಮ್ಮ ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ. ಮತ್ತೆ ಅದೇ ಕಥೆಯ ಬಾಲ ಹಿಡಿದಳು. "ಎಷ್ಟು ಅಳ್ತಿದ್ದೆ ಅವತ್ತು, ಪಾಪ."

"ಅವತ್ತು ಅತ್ತಿದ್ದು ನಾನಲ್ಲ ಚಿಕ್ಕಮ್ಮ," ಅಂದೆ. "ನೋರಾ ನನಗೆ ಹೇಳಿದ್ದಾಳೆ."

ಅವಳು ನಲ್ಲಿ ನಿಲ್ಲಿಸಲಿಲ್ಲ. ಕುಕ್ಕರಿನ ಮುಚ್ಚಳವನ್ನು ಅದರ ಕೆಳಗೆ ಹಿಡಿದೇ ಇದ್ದಳು. ಆಗಲೇ ತೊಳೆದಾಗಿತ್ತು ಅದು. ನಾನು ಕೇಳಿಯೇಬಿಟ್ಟೆ.

"ಬಾಗಿಲು ಎಳೆದ ಮೇಲೆ, ಆ ಕುರ್ಚೀಲಿ ಕೂತು, ಕನ್ನಡದಲ್ಲಿ ಯಾರ ಜೊತೆ ಮಾತಾಡ್ತಿದ್ದೆ ಚಿಕ್ಕಮ್ಮ?"